ಸಾಕ್ಷಿ ಹೇಳಲು ಬಾರದವನು

ಬಾವಿಗೆ ಇಳಿಯುವ ಆಳುಗಳಿಗೆ ಪರೀಕ್ಷೆ ಇಟ್ಟದ್ದನ್ನು ನಾನು ನೋಡಿದ್ದು ಅದೊಂದೇ ಸಲ. ತೋಳಿನಲ್ಲಿ ಕಸುವಿದೆಯೇ, ಮೊದಲು ಬಾವಿ ಕೆಲಸ ಮಾಡಿದ್ದಾನೆಯೇ ಎಂದು ಯಾರೂ ಕೇಳಲಿಲ್ಲ. ಎದ್ದು ನಿಂತು ಸಾಕ್ಷಿ ಹೇಳು ಎಂದರು. ಸಾಕ್ಷಿ ಎಂದರೆ ಕೋರ್ಟಿನ ಸಾಕ್ಷಿಯಲ್ಲ. ತಾನು ಎಂಥ ಪಾಪದಲ್ಲಿ ಬಿದ್ದಿದ್ದೆ, ಯೇಸುಸ್ವಾಮಿ ತನ್ನನ್ನು ಹೇಗೆ ಮೇಲೆತ್ತಿದ ಎಂದು ಹತ್ತು ಜನರ ಮುಂದೆ ಹೇಳುವುದು. ಚಂದ ಹೇಳಿದವನು ಬಾವಿಗೆ, ತೊದಲಿದವನು ಮನೆಗೆ.

ಅಥಣಿಯಿಂದ ಮೂಡಣಕ್ಕೆ, ಎರೆ ಹೊಲಗಳ ನಡುವಿನ ಒಂದು ಹಳ್ಳಿ ಅದು. ಎಂಬತ್ತರ ದಶಕದ ಕೊನೆಯ ಮಾತು. ನಾನು ಉಗಾರ ಬುದ್ರುಕದವನು. ಕೃಷ್ಣೆಯ ದಂಡೆಯವರಾದ ನಮಗೆ ಬಾವಿಯ ಹಂಗಿಲ್ಲ, ಆದರೆ ನನ್ನ ಹೊಟ್ಟೆ ತುಂಬಿದ್ದು ಬೇರೆಯವರ ಬಾವಿಗಳಿಂದ. ನನ್ನ ಹತ್ತಿರ ಒಂದು ಯಾರಿ ಇತ್ತು. ಬಾವಿಯ ಬಾಯಿಗೆ ನಿಲ್ಲಿಸಿ ಡೀಸೆಲ್ ಎಂಜಿನ್ನಿನಿಂದ ನಡೆಸುವ ಯಂತ್ರ. ಕೆಳಗಿನವರು ಕಬ್ಬಿಣದ ಬಕೆಟ್ಟಿಗೆ ಮಣ್ಣು ತುಂಬಿದರೆ ಉಕ್ಕಿನ ಹಗ್ಗದಿಂದ ಎತ್ತಿ ಮೇಲೆ ತರುತ್ತದೆ. ಅದನ್ನು ನಡೆಸುತ್ತಿದ್ದವನು ನನ್ನ ಷಡ್ಡಕ. ಕೆಲಸದಲ್ಲಿ ಗಟ್ಟಿ, ಆದರೆ ಬಿಳಿ ಅಂಗಿಯವರು ಜೋರು ಮಾಡಿದರೆ ನೀರಾಗಿಬಿಡುವ ಮನುಷ್ಯ.

ಬಾವಿ ಬೇಕಾಗಿದ್ದದ್ದು ಅಲ್ಲಿನ ಕ್ರೈಸ್ತ ಸಭೆಗೆ, ಅವರ ಚರ್ಚಿನ ಅಂಗಳದಲ್ಲಿ. ಸಭೆಯ ಕಮಿಟಿಗೆ ಅಧ್ಯಕ್ಷರು ನಿವೃತ್ತ ಮಾಸ್ತರರೊಬ್ಬರು. ಇಸ್ತ್ರಿ ಮಾಡಿದ ಧೋತರ, ಕಂಕುಳಲ್ಲಿ ಕೊಡೆ, ಸದಾ ಪಾಠ ಹೇಳುವ ದನಿ. ಪರೀಕ್ಷೆಯ ಕಲ್ಪನೆ ಅವರದೇ.

"ಇದು ದೇವರ ಮನಿ ಬಾವಿ ಐತಿ ಮಿಸ್ತ್ರಿ. ಅವಿಶ್ವಾಸಿಗಳ ಕೈ ಹತ್ತಬಾರದು," ಎಂದರು.

"ಹಂಗಾರ ನನ್ನ ಕೈ ಏನ್ ಮಾಡೂಣ್ರಿ ಮಾಸ್ತರ?"

"ನೀವು ಮ್ಯಾಲ ನಿಂದರತೀರಲ್ಲ, ನಡೀತೈತಿ."

ಮೇಲೆ ನಿಂತವನ ಕೈ ನಡೆಯುತ್ತದೆ, ಕೆಳಗೆ ಇಳಿದವನ ಕೈ ನಡೆಯುವುದಿಲ್ಲ. ಮಡಿ ಮೈಲಿಗೆ ಬಿಟ್ಟು ಬಂದವರು ನಾವು ಎಂದು ಎದೆ ತಟ್ಟಿಕೊಳ್ಳುವ ಜನ ಹೊಸ ಮಡಿಯೊಂದನ್ನು ನೇಯ್ದು ಉಟ್ಟುಕೊಂಡು ಕೂತಿದ್ದರು. ನಗು ಬಂತು. ನಗಲಿಲ್ಲ, ಹೊಟ್ಟೆಪಾಡು.

ಪರೀಕ್ಷೆಯಲ್ಲಿ ಮೂವರು ಪಾಸಾದರು. ಮೊದಲ ನಂಬರಿನವನಿಗೆ ನಾನು ಮನಸ್ಸಿನಲ್ಲೇ ಸಾಕ್ಷಿಗಾರ ಎಂದು ಹೆಸರಿಟ್ಟೆ. ಅವನು ಅಳಬೇಕಾದ ಜಾಗಕ್ಕೆ ಬಂದಾಗ ತಪ್ಪದೆ ಅಳುತ್ತಿದ್ದ, ಮೂಗು ಒರೆಸಿಕೊಂಡು ಮುಂದಿನ ಪಾಪಕ್ಕೆ ಹೋಗುತ್ತಿದ್ದ. ಇಷ್ಟೆಲ್ಲ ಪಾಪ ಮಾಡಲು ಇವನಿಗೆ ಪುರುಸೊತ್ತು ಯಾವಾಗ ಸಿಕ್ಕಿತು ಎಂದು ನನಗೆ ಬೆರಗು. ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಂಡರು. ಮಾಸ್ತರರು ತಲೆದೂಗಿದರು.

ನಾಪಾಸಾದವರಲ್ಲಿ ಒಬ್ಬ ನನ್ನ ಕಣ್ಣಿಗೆ ಬಿದ್ದ. ನಡುವಯಸ್ಸು, ಅಗಲ ಬೆನ್ನು, ಕಬ್ಬು ಕಡಿದು ಕಡಿದು ಗಂಟಾದ ಅಂಗೈ. ಅವನ ಸರದಿ ಬಂದಾಗ ಎದ್ದು ನಿಂತು, "ಹೇಳಾಕ ನನಗೇನೂ ಬರಂಗಿಲ್ರಿ. ಕೆಲಸ ಬರ್ತೈತಿ," ಎಂದು ಕೂತುಬಿಟ್ಟ. ಆಮೇಲೆ ತಿಳಿಯಿತು, ಅವನನ್ನು ಮೊದಲೇ ಸಭೆಯಿಂದ ಹೊರಗಿಟ್ಟಿದ್ದರು. ಅಪರಾಧ ಇಷ್ಟೇ: ಅವನ ಅಪ್ಪ ಕೊನೆಯವರೆಗೂ ಹಿಂದೂ ಆಗಿಯೇ ಉಳಿದು ಸತ್ತಿದ್ದ, ಅಪ್ಪನ ದಿವಸದ ದಿನ, ಅಂದರೆ ತಿಥಿಯ ದಿನ, ಇವನು ಅಣ್ಣತಮ್ಮಂದಿರ ಜೊತೆ ಪಂಕ್ತಿಯಲ್ಲಿ ಕೂತು ಉಂಡಿದ್ದ. ಅದನ್ನು ನೋಡಿ ಬಂದು ಕಮಿಟಿಗೆ ಹೇಳಿದವನು ಸಾಕ್ಷಿಗಾರನೇ.

ನಾನು ಸಾಕ್ಷಿಗಾರನನ್ನು ಕೇಳಿದೆ: "ಅಲ್ಲೋ, ದಿವಸದ ಊಟಕ್ಕ ನೀ ಯಾಕ ಹೋಗಿದ್ದಿ?"

"ಯಾರ್ಯಾರು ಬಂದಾರ ಅಂತ ನೋಡಾಕ ಹೋಗಿದ್ದೆರಿ."

ಹೇಳೋದು ಶಾಸ್ತ್ರ, ತಿನ್ನೋದು ಬದನೆಕಾಯಿ. ಅವರು ಹೊರಗಿಟ್ಟವನನ್ನು ನಾನು ನನ್ನ ಆಳಾಗಿ ಇಟ್ಟುಕೊಂಡೆ. ಅವನ ಕೆಲಸ ಮೇಲೆ ಬಂದ ಬಕೆಟ್ಟನ್ನು ಬಗ್ಗಿಸಿ ಚೆಲ್ಲುವುದು. ಬಾವಿಯ ಮೇಲಿನದು ಬಾವಿಯಲ್ಲ ಎಂದು ಮಾಸ್ತರರು ಒಪ್ಪಿದರು.

ಕೆಲಸ ನಡೆಯಿತು, ಆಮೆಯ ನಡಿಗೆ. ಪಾಸಾದ ಮೂವರಲ್ಲಿ ಒಬ್ಬನಿಗೂ ಗುದ್ದಲಿ ಎತ್ತುವ ರೂಢಿ ಇರಲಿಲ್ಲ. ಮೇಲಿನ ಎರೆ ಮಣ್ಣು ಮುಗಿದು ಗರಸು ಹತ್ತಿತು, ಗರಸಿನ ಕೆಳಗೆ ಬಂಡೆಯ ತಲೆ ಕಾಣಿಸಿತು. ಆಗ ಅಡ್ಡಮಳೆ ಹೊಡೆಯಿತು. ಎರೆ ಮಣ್ಣಿನ ಗುಣ ನಮ್ಮ ಕಡೆ ಎಲ್ಲರಿಗೂ ಗೊತ್ತು: ಒಣಗಿದಾಗ ಬಿರುಕು ಬಿಟ್ಟು ಕಲ್ಲಿನಂತೆ ನಿಲ್ಲುತ್ತದೆ, ಬಿರುಕಿನಲ್ಲಿ ನೀರು ಇಳಿಯಿತೋ, ಹೇಳದೆ ಕೇಳದೆ ಜಾರುತ್ತದೆ. ಮೂಡಣ ದಂಡೆಯಲ್ಲಿ ಉದ್ದಕ್ಕೆ ಸೀಳು ಕಾಣುತ್ತಿತ್ತು. ಆ ದಂಡೆಯನ್ನು ಮೇಲಿನಿಂದ ಇಳಿಜಾರಾಗಿ ಕಡಿಯುವವರೆಗೆ ಯಾರೂ ಇಳಿಯಕೂಡದು ಎಂದು ಹೇಳಿ ನಾನು ಡೀಸೆಲ್ ತರಲು ಅಥಣಿಗೆ ಹೋದೆ.

ಮಾಸ್ತರರಿಗೆ ಅವಸರ. ಮುಂದಿನ ಭಾನುವಾರ ಈಸ್ಟರ್ ಹಬ್ಬ, ತಿಂಗಳಿಗೊಮ್ಮೆ ಬರುವ ಪಾಸ್ಟರರು ಬರುವವರು, ಅವರ ಎದುರು ಬಾವಿಯಲ್ಲಿ ನೀರು ತೋರಿಸಬೇಕು. ನಾನು ಆ ಕಡೆ ಹೋದದ್ದೇ ತಡ, ಈ ಕಡೆ ಪ್ರಾರ್ಥನೆ ಮಾಡಿ, ಮಳೆ ಎಂದರೆ ಆಶೀರ್ವಾದ ಎಂದು ಹೇಳಿ, ಮೂವರನ್ನೂ ಇಳಿಸಿದರು. ಷಡ್ಡಕ ಬೇಡ ಎಂದನಂತೆ. ನಿನಗೆ ವಿಶ್ವಾಸ ಇಲ್ಲ ಎಂದರಂತೆ. ಇವನು ನೀರಾದ.

ನಾನು ತಿರುಗಿ ಬಂದಾಗ ಅಂಗಳದ ತುಂಬ ಬೊಬ್ಬೆ. ಮೂಡಣ ದಂಡೆ ಜಾರಿಬಿಟ್ಟಿತ್ತು. ಇಬ್ಬರು ಬಕೆಟ್ಟು ಹಿಡಿದು ಮೇಲೆ ಬಂದು ಚರ್ಚಿನ ಕಟ್ಟೆಯ ಮೇಲೆ ಕೂತಿದ್ದರು. ಸಾಕ್ಷಿಗಾರ ಕೆಳಗೆ ಎದೆಯವರೆಗೆ ಹೂತಿದ್ದ. ಬಗ್ಗಿ ನೋಡಿದರೆ ಒಂದು ತಲೆ, ಎರಡು ಕೈ, ಉಳಿದದ್ದೆಲ್ಲ ಮಣ್ಣು. ಅವನ ತಲೆಯ ಮೇಲೆ ಇನ್ನೂ ಜಾರದ ಒಂದು ದೊಡ್ಡ ಹೆಂಟೆ ತೊಟ್ಟಿಕ್ಕುತ್ತ ನಿಂತಿತ್ತು.

ವಿಶ್ವಾಸಿಗಳು ಏನು ಮಾಡುತ್ತಿದ್ದರು? ಬಾವಿಯ ಸುತ್ತ ಕೈಕೈ ಹಿಡಿದು ವರ್ತುಲವಾಗಿ ನಿಂತು ಪ್ರಾರ್ಥನೆ ಮಾಡುತ್ತಿದ್ದರು. ದಂಡೆಯ ತುತ್ತತುದಿಯಲ್ಲಿ. ಅಷ್ಟೂ ಜನರ ಭಾರ ಸೀಳಿದ ಮಣ್ಣಿನ ಮೇಲೆ. ಒಬ್ಬರು ಮೊಣಕಾಲೂರಿದರೆ ಒಂದು ಬೊಗಸೆ ಮಣ್ಣು ಕೆಳಗಿನವನ ತಲೆಯ ಮೇಲೆ ಬೀಳುತ್ತಿತ್ತು. ಮೂವತ್ತು ಜನ ಸೇರಿ ಒಬ್ಬನನ್ನು ಭಕ್ತಿಯಿಂದ ಹೂಳುವುದನ್ನು ನಾನು ಆ ದಿನವೇ ಕಂಡದ್ದು.

"ಹಿಂದ ಸರೀರಿ, ಎಲ್ಲಾರೂ ಹಿಂದ ಸರೀರಿ," ಎಂದು ಕೂಗಿದೆ. ಯಾರೂ ಕಣ್ಣು ತೆರೆಯಲಿಲ್ಲ. ಗುದ್ದಲಿಯ ಕಾವು ಹಿಡಿದು ಒಬ್ಬೊಬ್ಬರನ್ನೇ ತಳ್ಳಿದೆ.

"ಪ್ರಾರ್ಥನಿ ನಿಲ್ಲಸ್ತೀರೇನು ಮಿಸ್ತ್ರಿ?" ಎಂದರು ಮಾಸ್ತರರು, ಕೆಂಡವಾಗಿ.

"ನಿಲ್ಲಸಂಗಿಲ್ಲರಿ. ರಸ್ತಾದ ಆ ಕಡೆ ನಿಂತು ಮಾಡ್ರಿ. ನಿಮ್ಮ ದೇವರಿಗೆ ಅಲ್ಲಿಂದನೂ ಕೇಳಸ್ತೈತಿ."

ಅಷ್ಟರಲ್ಲಿ ಹೊರಗಿಟ್ಟವನು ತಲೆಗೆ ಟವೆಲ್ ಸುತ್ತಿ, ಧೋತರ ಕಚ್ಚೆ ಹಾಕಿ, ಬಕೆಟ್ಟಿನಲ್ಲಿ ಕಾಲಿಟ್ಟಿದ್ದ. "ಇಳಸ್ರಿ," ಎಂದ, ಷಡ್ಡಕನಿಗೆ. ಷಡ್ಡಕ ನನ್ನ ಮುಖ ನೋಡಿದ. ಯಾರಾದರೂ ಇಳಿಯಲೇಬೇಕಿತ್ತು. ಪಾಸಾದ ಇಬ್ಬರ ಕಡೆ ನೋಡಿದೆ. ಒಬ್ಬ ಕೆರ ಹಾಕಿಕೊಳ್ಳುತ್ತಿದ್ದ, ಮತ್ತೊಬ್ಬ ಆಗಲೇ ಮನೆ ದಾರಿ ಹಿಡಿದಿದ್ದ. ಇಳಿಸು ಎಂದೆ.

ಅವನು ಇಳಿದವನೇ ಮೊದಲು ಸಾಕ್ಷಿಗಾರನ ಬಾಯಿ, ಮೂಗಿನ ಸುತ್ತ ಮಣ್ಣು ತೆಗೆದ. ತನ್ನ ಟವೆಲ್ ಬಿಚ್ಚಿ ಅವನ ತಲೆಗೆ ಕಟ್ಟಿದ. ಆಮೇಲೆ ಕೈಯಿಂದ ತಡಕಿ ನೋಡಿ ಮೇಲೆ ಕೂಗಿದ: "ಒಂದು ಕಾಲ ಕಲ್ಲಿನ ಸಂದ್ಯಾಗ ಸಿಕ್ಕೈತ್ರಿ."

ಮಾಸ್ತರರಿಗೆ ತಟ್ಟನೆ ಉಪಾಯ ಹೊಳೆಯಿತು. ಯಾರಿಯ ಹಗ್ಗ ಅವನ ಕಂಕುಳಿಗೆ ಕಟ್ಟಿ ಎಂಜಿನ್ ಚಾಲೂ ಮಾಡಿ ಎಳೆದುಬಿಡಿ ಎಂದರು. ಎಳೆದರೆ ಅರ್ಧ ಮನುಷ್ಯ ಮೇಲೆ ಬರುತ್ತಾನೆ, ಇನ್ನರ್ಧವನ್ನು ನೀವು ಇಳಿದು ತರುತ್ತೀರಾ ಎಂದು ಕೇಳಿದೆ. ಎದೆಮಟ್ಟದ ಒದ್ದೆ ಮಣ್ಣು ಮನುಷ್ಯನನ್ನು ಹಿಡಿದರೆ ಎತ್ತು ಕಟ್ಟಿದರೂ ಬಿಡುವುದಿಲ್ಲ. ಅವನ ಸುತ್ತಲಿನ ಮಣ್ಣನ್ನೇ ತೆಗೆಯಬೇಕು. ತೆಗೆದಷ್ಟೂ ಪಕ್ಕದ್ದು ಬಂದು ತುಂಬುತ್ತದೆ. ಅದಕ್ಕೆ ಒಂದೇ ದಾರಿ: ಅವನ ನಾಲ್ಕೂ ಕಡೆ ಹಲಗೆ ನೆಟ್ಟು, ತಳವೂ ಮುಚ್ಚಳವೂ ಇಲ್ಲದ ಪೆಟ್ಟಿಗೆಯಂತೆ ಮಾಡಿ, ಒಳಗಿನ ಮಣ್ಣನ್ನು ಮಾತ್ರ ತೆಗೆಯುವುದು. ಹಲಗೆ ಉದ್ದ ಇರಬೇಕು, ದಪ್ಪ ಇರಬೇಕು, ಈಗಲೇ ಬೇಕು.

ಹಳ್ಳಿಯಲ್ಲಿ ಹಲಗೆ ಎಲ್ಲಿಂದ ತರುವುದು? ಮನೆಗಳ ಬಾಗಿಲು ಗಿಡ್ಡ. ಅಥಣಿಗೆ ಹೋಗಿ ಬರುವಷ್ಟರಲ್ಲಿ ಸಂಜೆ. ಚರ್ಚಿನ ಕಿಟಕಿಯಲ್ಲಿ ಇಣುಕಿದೆ. ಸಾಲಾಗಿ ಸಾಗುವಾನಿ ಬೆಂಚುಗಳು, ಒಂದೊಂದರ ಬೆನ್ನಿಗೂ ದಾನಿಗಳ ಹೆಸರು ಕೊರೆದದ್ದು. ಬೀಗ ಜಡಿದಿತ್ತು.

"ಕೀಲಿ ಕೊಡ್ರಿ ಮಾಸ್ತರ."

"ಅವು ದೇವರಿಗೆ ಅರ್ಪಿಸಿದ ಬೆಂಚದಾವು. ಕಮಿಟಿ ಕೂಡಿಸಿ ಕೇಳಬೇಕಾಗತೈತಿ."

"ಕಮಿಟಿ ಎಲ್ಲೈತಿ?"

"ಇಬ್ಬರು ರಾಯಬಾಗಕ್ಕ ಹೋಗ್ಯಾರ."

ನನ್ನ ಜೀವಮಾನದಲ್ಲಿ ಮನುಷ್ಯರನ್ನು ಕಂಡು ಅಷ್ಟು ಹೇಸಿಕೆ ಪಟ್ಟದ್ದಿಲ್ಲ. ದಿನಾ ಸಂಜೆ ಇದೇ ಬಾಯಿ ಮೈಕಿಗೆ ಬಾಯಿ ಹಚ್ಚಿ ಊರಿಗೆಲ್ಲ ಪ್ರೀತಿಯ ಉಪದೇಶ ಮಾಡುತ್ತಿತ್ತು. ಕೆಳಗೆ ಒಬ್ಬ ಹೂತಿದ್ದಾನೆ, ಅವನೂ ಇವರದೇ ಸಭೆಯ ಮೊದಲ ನಂಬರಿನ ವಿಶ್ವಾಸಿ. ಇವರಿಗೆ ಕೋರಂ ಬೇಕು. ನಾನು ಹಾರೆ ತಗೊಂಡು ಹೋಗಿ ಬೀಗ ಮುರಿದೆ. ಹಿಂದಿನಿಂದ ಏನೇನೋ ಅಂದರು. ಬೆಂಚು ಹೊರಗೆ ಎಳೆದು ಕಾಲು ಬೇರೆ, ಹಲಗೆ ಬೇರೆ ಮಾಡಿದೆ. ರಸ್ತೆಯಾಚೆ ಹಾಡುತ್ತಿದ್ದ ಗುಂಪಿನಿಂದ ಸಾಕ್ಷಿಗಾರನ ಹೆಂಡತಿ ಓಡಿ ಬಂದು ಹಲಗೆಯ ಇನ್ನೊಂದು ತುದಿ ಹಿಡಿದಳು. ಅವಳನ್ನು ನೋಡಿ ನಾಲ್ಕು ಹೆಂಗಸರು ಬಂದರು. ಗಂಡಸರು ಹಾಡು ಮುಗಿಸಿ ಬಂದರು.

ಹಲಗೆಗಳನ್ನು ಒಂದೊಂದಾಗಿ ಇಳಿಸಿದೆವು. ಹೊರಗಿಟ್ಟವನು ಅವನ್ನು ಸಾಕ್ಷಿಗಾರನ ಸುತ್ತ ನಿಲ್ಲಿಸಿ, ಸುತ್ತಿಗೆಯಿಂದ ಬಡಿದು ಇಳಿಸಿದ. ಮೂಲೆಗೆ ಬೆಂಚಿನ ಕಾಲುಗಳನ್ನು ಅಡ್ಡ ಕೊಟ್ಟು ಬಿಗಿದ. ಪೆಟ್ಟಿಗೆ ಇಬ್ಬರೇ ಹಿಡಿಸುವಷ್ಟು ಇಕ್ಕಟ್ಟು. ಗುದ್ದಲಿ ಬೀಸಲು ಜಾಗವಿಲ್ಲ. ಸಣ್ಣ ಬುಟ್ಟಿ, ತಾಟು, ಬರಿಗೈ. ಅವನು ಬಗೆದು ತುಂಬುವುದು, ನಾವು ಎಳೆಯುವುದು. ಇತ್ತ ನಾನು ನಾಲ್ಕು ಜನರನ್ನು ಹಚ್ಚಿ ದಂಡೆಯ ಮೇಲಿದ್ದ ಮಣ್ಣಿನ ಗುಡ್ಡೆಯನ್ನು ದೂರ ಸರಿಸಿ ಭಾರ ಇಳಿಸಿದೆ. ನೇತಾಡುತ್ತಿದ್ದ ಆ ಹೆಂಟೆಯನ್ನು ಮುಟ್ಟಲಿಲ್ಲ. ಮುಟ್ಟಿದರೆ ಅವರ ಮೇಲೇ.

ಬಾವಿಯೊಳಗಿನ ಮಾತು ಮೇಲೆ ಸ್ಪಷ್ಟ ಕೇಳಿಸುತ್ತದೆ. ಸಾಕ್ಷಿಗಾರ ಮೊದಲು ಗಟ್ಟಿಯಾಗಿ ಪ್ರಾರ್ಥಿಸುತ್ತಿದ್ದ. ದನಿ ಸಣ್ಣದಾಗುತ್ತ ಬಂತು. ಆಮೇಲೆ, "ಅಣ್ಣಾ, ನಿನ್ನ ಮ್ಯಾಲ ಚಾಡಿ ಹೇಳಿದಾವ ನಾನ," ಎಂದ.

"ಗೊತ್ತೈತಿ. ಮಾತಾಡಬ್ಯಾಡ. ಎದಿ ಮ್ಯಾಲ ಮಣ್ಣ ಐತಿ, ಉಸರ ಸಾಲಂಗಿಲ್ಲ."

"ಇಲ್ಲೋ, ನಾ ಹೇಳಬೇಕು."

"ಕಾಲ ಬಿಟ್ಟಮ್ಯಾಲ ಹೇಳುವಂತಿ. ಈಗ ಸುಮ್ಮನ ಉಸರ ತಗೋ."

ಮಣ್ಣು ಅವನ ಸೊಂಟಕ್ಕೆ ಇಳಿಯಿತು. ಬಿಸಿಲು ಬಾಗಿತ್ತು. ಆಗ ಹೆಂಟೆಯ ಒಂದು ಭಾಗ ಕಳಚಿತು. ಧಪ್ ಎಂದು ಪೆಟ್ಟಿಗೆಯ ಬೆನ್ನಿಗೆ ಬಿದ್ದು ಒಂದು ಹಲಗೆ ಸೀಳಿತು. ಸೀಳಿನಿಂದ ಮಣ್ಣು ಒಳಗೆ ಸುರಿಯತೊಡಗಿತು. ಬಗ್ಗಿ ನೋಡುತ್ತೇನೆ, ಹೊರಗಿಟ್ಟವನು ಬೆನ್ನನ್ನು ಆ ಸೀಳಿಗೆ ಕೊಟ್ಟು, ಎದುರಿನ ಹಲಗೆಗೆ ಕಾಲೊತ್ತಿ, ಅಡ್ಡಗಟ್ಟಿದಂತೆ ನಿಂತಿದ್ದಾನೆ. ಇಬ್ಬರ ಮುಖಗಳ ನಡುವೆ ಗೇಣು ಜಾಗ.

ಇನ್ನೊಂದು ಬಿದ್ದರೆ ಇಬ್ಬರೂ ಹೋಗುತ್ತಾರೆ. ಒಬ್ಬನಾದರೂ ಉಳಿಯಲಿ ಎಂದು ನಾನು ತೀರ್ಮಾನಿಸಿದೆ. ಬಕೆಟ್ಟು ಇಳಿಸಿದೆ.

"ಮ್ಯಾಲ ಬಾರೋ. ಹಲಗಿ ಕಟ್ಟಿ ಮತ್ತ ಇಳಿಯೂಣಂತ."

"ನಾ ಬೆನ್ನ ತಗದ್ರ ಇವನ ಬಾಯಿ ಮುಚ್ಚತೈತ್ರಿ."

"ನಿನಗ ಹೆಂಡ್ರು ಮಕ್ಕಳಿಲ್ಲೇನು?"

"ಅದಾರ್ರಿ. ಇವಗೂ ಅದಾರ. ಇನ್ನೊಂದು ಹಲಗಿ ಒಗೀರಿ, ಲಗೂನ."

ಸಾಕ್ಷಿಗಾರನೇ ಅಳುತ್ತ, "ಹೋಗೋ ಅಣ್ಣಾ, ನೀನರ ಹೋಗು," ಎಂದ. ಈ ಅಳು ಆ ಸಭೆಯ ಅಳು ಅಲ್ಲ. ಮೂಗು ಒರೆಸಿಕೊಳ್ಳುವ ನೆನಪೂ ಅವನಿಗಿರಲಿಲ್ಲ. ಹಲಗೆ ಇಳಿಸಿದೆವು. ಹೊರಗಿಟ್ಟವನು ಅದನ್ನು ಬೆನ್ನ ಹಿಂದೆ ಸೇರಿಸಿಕೊಂಡು, ಮೊಣಕೈಯಿಂದ ಬಡಿದು ಕೂರಿಸಿ, ಮತ್ತೆ ಬಗೆಯಲು ಹತ್ತಿದ.

ನನಗೆ ಅವರ ಶಾಸ್ತ್ರ ಗೊತ್ತಿಲ್ಲ. ಗೊತ್ತು ಮಾಡಿಕೊಳ್ಳುವ ಆಸೆಯೂ ಆ ಕಮಿಟಿಯನ್ನು ನೋಡಿದ ಮೇಲೆ ಉಳಿದಿರಲಿಲ್ಲ. ಆದರೆ ದಂಡೆಯ ಮೇಲೆ ಬೋರಲಾಗಿ ಮಲಗಿ ಹಗ್ಗ ಹಿಡಿದುಕೊಂಡಿದ್ದ ನನಗೆ ಒಂದು ಮಾತಂತೂ ತಿಳಿಯಿತು: ಆ ಅಂಗಳದಲ್ಲಿ ನಿಜವಾದ ಕ್ರೈಸ್ತ ಎಂದು ಯಾರನ್ನಾದರೂ ತೋರಿಸು ಎಂದರೆ ನಾನು ಬೆರಳನ್ನು ಕೆಳಕ್ಕೆ ತೋರಿಸಬೇಕಿತ್ತು.

ಹೊತ್ತು ಮುಳುಗುವ ಮುಂಚೆ ಹೊರಗಿಟ್ಟವನು ಕಲ್ಲನ್ನು ಹಾರೆಯಿಂದ ಮೀಟಿ ಕಾಲು ಬಿಡಿಸಿದ. ಮೊದಲು ಸಾಕ್ಷಿಗಾರ ಬಂದ, ಹಗ್ಗದಲ್ಲಿ ಕಟ್ಟಿಸಿಕೊಂಡು. ಒಂದು ಕಾಲು ಮುರಿದು ಜೋತು ಬಿದ್ದಿತ್ತು. ಅವನನ್ನು ಟ್ರ್ಯಾಕ್ಟರಿನಲ್ಲಿ ಅಥಣಿ ದವಾಖಾನೆಗೆ ಕಳಿಸಿದೆವು. ಆಮೇಲೆ ಇವನು ಬಂದ. ಬೆನ್ನು ಸುಲಿದು ಹೋಗಿತ್ತು. ಮಾಸ್ತರರು ಬಂದು ಅವನನ್ನು ನೋಡಿದರು, ಬೆಂಚುಗಳನ್ನು ನೋಡಿದರು, ಬೆಂಚುಗಳನ್ನು ಹೆಚ್ಚು ಹೊತ್ತು ನೋಡಿದರು.

ಎಂಜಿನ್ನಿನ ನೀರಿನ ಡ್ರಮ್ಮಿನ ಹತ್ತಿರ ಅವನಿಗೆ ನಾನೇ ನೀರು ಸುರಿದೆ. ಕೇಳದೆ ಇರಲು ಆಗಲಿಲ್ಲ.

"ನಿನ್ನ ಹೊರಗ ಹಾಕಿಸಿದಾವ ಅವ. ಯಾಕ ನಿಂತಿ?"

ಮುಖ ಒರೆಸಿಕೊಂಡ. "ಇವರು ನನ್ನ ಹೊರಗ ಹಾಕಿದ್ರೂ ಯೇಸುಸ್ವಾಮಿ ನನ್ನ ಬಿಟ್ಟು ಹೋಗಿಲ್ಲರಿ. ಹಿಂಗಿರಬೇಕಾದ್ರ ಕೆಳಗ ಸಿಕ್ಕಾವನ್ನ ಬಿಟ್ಟು ನಾ ಹೆಂಗ ಬರಲಿ?"

"ಇದನ್ನ ಭಾನುವಾರ ಅವರ ಮುಂದ ಹೇಳು. ಒಳಗ ತಗೋತಾರ."

"ಇದು ನಿಮಗ ಹೇಳಿದ್ದರಿ. ಅಲ್ಲಿ ಹೇಳಿದ್ರ ಮಾರಿದಂಗ ಆಗತೈತಿ."

ಹಬ್ಬದ ಭಾನುವಾರ ನಾನೂ ಹೋದೆ. ಬಾವಿಯ ಕೆಲಸ ಇನ್ನೂ ಬಾಕಿ ಇತ್ತು. ಕಮಿಟಿ ನನ್ನ ಮೇಲೆ ಏನು ಠರಾವು ಮಾಡುತ್ತದೋ ಕೇಳಬೇಕಿತ್ತು. ಎಲ್ಲರೂ ಜಮಖಾನೆಯ ಮೇಲೆ ಕೂತಿದ್ದರು. ಸಾಕ್ಷಿಗಾರನನ್ನು ಹೊರಸಿನ, ಹಗ್ಗದ ಮಂಚದ, ಮೇಲೆ ಹೊತ್ತು ತಂದಿದ್ದರು, ಕಾಲಿಗೆ ಪ್ಲಾಸ್ಟರ್. ಅವನು ಹೇಳುವ ಸಾಕ್ಷಿಗಾಗಿ ಜನ ಕಾದಿದ್ದರು, ಕಣ್ಣೊರೆಸಲು ಸೆರಗುಗಳು ಸಿದ್ಧವಾಗಿದ್ದವು. ಅವನು ತನಗೆ ಹೇಳಲು ಏನೂ ಇಲ್ಲ ಎಂದುಬಿಟ್ಟ. ಮಾಸ್ತರರಿಗೆ ಪೇಚಾಯಿತು. ಬಾಗಿಲ ಹೊರಗೆ ಮೆಟ್ಟಿಲ ಮೇಲೆ ಕೂತಿದ್ದ ಹೊರಗಿಟ್ಟವನ ಕಡೆ ತಿರುಗಿ, "ನೀನರ ಎದ್ದು ಸಾಕ್ಷಿ ಹೇಳು. ಕಮಿಟಿ ನಿನ್ನ ವಿಚಾರ ಮಾಡತೈತಿ," ಎಂದರು.

ಅವನು ಎದ್ದ. "ಕಾಲ ಸಿಕ್ಕಿತ್ತರಿ. ಬಿಡಿಸಿದ್ವಿ," ಎಂದು ಕೂತ.

"ಇದ್ರಾಗ ಸ್ವಾಮಿ ಹೆಸರ ಎಲ್ಲೈತಿ? ಇದು ಸಾಕ್ಷಿ ಆಗಂಗಿಲ್ಲ," ಎಂದರು ಮಾಸ್ತರರು, ಉತ್ತರ ಪತ್ರಿಕೆ ತಿದ್ದುವವರಂತೆ. ಪಾಸ್ಟರರು ಕೈಯಲ್ಲಿದ್ದ ಪುಸ್ತಕದ ಹಾಳೆ ತಿರುವಿದರು. ಪಾಪ, ತಿಂಗಳಿಗೊಮ್ಮೆ ಬರುವವರು, ಊಟ ಮಾಸ್ತರರ ಮನೆಯಲ್ಲಿ.

ಪ್ರಭುಭೋಜನದ ಹೊತ್ತಾಯಿತು. ಸ್ವಾಮಿಯ ನೆನಪಿಗೆ ರೊಟ್ಟಿಯ ತುಂಡು ಹಂಚುವ ವಿಧಿ ಅದು, ಹೊರಗಿಟ್ಟವರಿಗೆ ಇಲ್ಲ. ಮಾಸ್ತರರು ತಟ್ಟೆ ಹಿಡಿದು ಮೊದಲು ಹೊರಸಿನ ಹತ್ತಿರವೇ ಬಂದರು. ಸಾಕ್ಷಿಗಾರ ಕೈ ಚಾಚಲಿಲ್ಲ. "ನನ್ನ ಹೊರಸ ಹೊರಗ ಇಡ್ರಿ," ಎಂದ.

"ಯಾಕೋ?"

"ಅಲ್ಲಿ ಕುಂದ್ರತೀನ್ರಿ, ಅವನ ಬಾಜೂಕ."

ಯಾರೂ ಏಳಲಿಲ್ಲ. ಅವನ ಹೆಂಡತಿ ಎದ್ದು ತಲೆಯ ಕಡೆ ಹಿಡಿದಳು, ಕಾಲಿನ ಕಡೆ ನಾನು ಹಿಡಿದೆ. ನನ್ನ ಕೈಗೆ ನಾಪಾಸಿನ ಭಯವಿರಲಿಲ್ಲ. ಮೆಟ್ಟಿಲ ಪಕ್ಕದ ಬಿಸಿಲಿಗೆ ಇಟ್ಟೆವು.

"ಬಿಸಲೈತಿ, ಒಳಗ ಹೋಗೋ," ಎಂದ ಹೊರಗಿಟ್ಟವನು.

"ನೀ ಹೋದ್ರ ಹೋಗ್ತೀನಿ."

ಮಾಸ್ತರರು ತಟ್ಟೆ ಹಿಡಿದುಕೊಂಡೇ ಹೊಸ್ತಿಲವರೆಗೆ ಬಂದರು. ಒಂದು ತುಂಡು ಹೊರಸಿನ ಕಡೆ ಚಾಚಿ, "ನೀ ತಗೋಬಹುದು. ಅವಗ ಕೊಡಾಕ ಬರಂಗಿಲ್ಲ, ಠರಾವ ಐತಿ," ಎಂದರು.

ಸಾಕ್ಷಿಗಾರ ತಗೊಂಡ. ಮುರಿದು ಎರಡು ಮಾಡಿದ. ದೊಡ್ಡದನ್ನು ಪಕ್ಕಕ್ಕೆ ಚಾಚಿ, "ತಗೋ ಅಣ್ಣಾ," ಎಂದ.

ಹೊರಗಿಟ್ಟವನು ಮಾಸ್ತರರ ಮುಖ ನೋಡಿದ.

"ಅವರನ್ನ ಯಾಕ ನೋಡ್ತಿ? ಇಲ್ಲಿ ನೋಡು."

ಅವನು ತಗೊಂಡು ಬಾಯಿಗಿಟ್ಟ. ಇದು ನಿಯಮಕ್ಕೆ ಹೊಂದುವುದಿಲ್ಲ, ಇದು ನಿಯಮಕ್ಕೆ ಹೊಂದುವುದಿಲ್ಲ ಎಂದು ಮಾಸ್ತರರು ಹೊಸ್ತಿಲಲ್ಲಿ ನಿಂತು ಹೇಳುತ್ತಲೇ ಇದ್ದರು. ಅವರಿಬ್ಬರೂ ರೊಟ್ಟಿ ಅಗಿಯುತ್ತ ಕೂತಿದ್ದರು. ಉತ್ತರ ಕೊಡಲು ಯಾರ ಬಾಯಿಯೂ ಖಾಲಿ ಇರಲಿಲ್ಲ.